ಕಲ್ಲಿದ್ದಲಿನ ಹೊಗೆಗೆ ಲೆಕ್ಕವಿಟ್ಟ ಸ್ವಾಂಟೆ ಅರೇನಿಯಸ್

ಮನುಷ್ಯನು ಸುಡುವ ಇಂಧನದಿಂದ ಭೂಮಿ ಬಿಸಿಯಾಗುವುದೇ ಎಂಬ ವಾದ ಇಂದು ನಿನ್ನೆಯದಲ್ಲ. ಅದಕ್ಕೆ ಮೊದಲು ಅಂಕಿಗಳ ಆಧಾರವನ್ನು ಒದಗಿಸಿದವರು ಸ್ವೀಡನ್ನಿನ ಸ್ವಾಂಟೆ ಅರೇನಿಯಸ್.

ಅವರು ಜನಿಸಿದ್ದು 1859ರ ಫೆಬ್ರವರಿ 19ರಂದು, ಉಪ್ಸಾಲಾ ನಗರದ ಸಮೀಪದಲ್ಲಿ. ದ್ರಾವಣಗಳಲ್ಲಿ ವಿದ್ಯುತ್ತು ಹರಿಯುವ ಬಗೆಯನ್ನು ಕುರಿತು 1884ರಲ್ಲಿ ಅವರು ಸಲ್ಲಿಸಿದ ಡಾಕ್ಟರೇಟ್ ಪ್ರಬಂಧವನ್ನು ಉಪ್ಸಾಲಾದ ಪರೀಕ್ಷಕರು ಕೆಳದರ್ಜೆಯಲ್ಲಿ ತೇರ್ಗಡೆ ಮಾಡಿದರು. ಅದೇ ವಿಚಾರಕ್ಕೆ 1903ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಒಲಿಯಿತು.

ಹಿಮಯುಗಗಳು ಏಕೆ ಬಂದವು ಎಂಬುದು ಆಗಿನ ವಿದ್ವಾಂಸರನ್ನು ಕಾಡುತ್ತಿದ್ದ ಪ್ರಶ್ನೆ. ವಾಯುಮಂಡಲದ ಇಂಗಾಲದ ಡೈಆಕ್ಸೈಡ್ ಕಡಿಮೆಯಾದುದೇ ಕಾರಣವಿರಬಹುದೆಂದು ಅರೇನಿಯಸ್ ಶಂಕಿಸಿದರು. ಚಂದ್ರನಿಂದ ಬರುವ ಶಾಖವನ್ನು ಅಮೆರಿಕದ ಲ್ಯಾಂಗ್ಲಿ ಅಳೆದಿಟ್ಟಿದ್ದ ಅಂಕಿಗಳನ್ನು ಆಧರಿಸಿ, 1894ರ ಕೊನೆಯಲ್ಲಿ ಗಣನೆಗೆ ಕುಳಿತರು. ಒಂದೊಂದು ಅಕ್ಷಾಂಶಕ್ಕೂ, ಒಂದೊಂದು ಋತುವಿಗೂ ಕೈಯಿಂದಲೇ ಲೆಕ್ಕ ಹಾಕಬೇಕಿತ್ತು. ಸುಮಾರು ಒಂದು ವರ್ಷ ಅದರಲ್ಲಿಯೇ ಸಂದಿತು. ಆ ದಿನಗಳಲ್ಲಿಯೇ ಅವರ ದಾಂಪತ್ಯವೂ ಮುರಿದುಬಿತ್ತು.

1896ರಲ್ಲಿ ಫಲಿತಾಂಶ ಪ್ರಕಟವಾಯಿತು. ಈ ಅನಿಲ ಇಮ್ಮಡಿಯಾದರೆ ಭೂಮಿಯ ಉಷ್ಣಾಂಶ 5ರಿಂದ 6 ಡಿಗ್ರಿ ಸೆಲ್ಸಿಯಸ್ ಏರುವುದು. ಇಂದಿನ ವಿಜ್ಞಾನಿಗಳ ಅಂದಾಜು ಸುಮಾರು 3 ಡಿಗ್ರಿ. ಕಾರ್ಖಾನೆಗಳು ಆಗ ವರ್ಷಕ್ಕೆ ಸುಮಾರು 50 ಕೋಟಿ ಟನ್ ಕಲ್ಲಿದ್ದಲು ಸುಡುತ್ತಿದ್ದವು. ಆದರೂ ಬದಲಾವಣೆಗೆ ಸಾವಿರಾರು ವರ್ಷ ಬೇಕೆಂದು ಅರೇನಿಯಸ್ ಎಣಿಸಿದ್ದರು. ಶೀತದೇಶದ ನಿವಾಸಿಯಾದ ಅವರಿಗೆ ಆ ಬಿಸುಪು ಬೆಳೆಗಳಿಗೆ ಹಿತಕರವೆಂದೇ ತೋರಿತ್ತು.

ಪ್ರತಿವಾದ ಸ್ವದೇಶದಿಂದಲೇ ಬಂದಿತು. ನಳಿಕೆಯಲ್ಲಿ ತುಂಬಿದ ಅನಿಲದ ಪ್ರಮಾಣವನ್ನು ಬದಲಿಸಿದರೂ ಅದು ಹೀರುವ ಶಾಖದಲ್ಲಿ ಹೆಚ್ಚು ವ್ಯತ್ಯಾಸವಾಗದೆಂದು ಕ್ನೂಟ್ ಆಂಗ್‌ಸ್ಟ್ರೋಮ್ 1900ರಲ್ಲಿ ತೋರಿಸಿದರು. ನೀರಾವಿಯೇ ಆ ಶಾಖವನ್ನು ತಡೆಯುತ್ತಿರುವಾಗ ಹೊಗೆಯಿಂದ ಆಗುವುದೇನು ಎಂಬುದು ಅವರ ತರ್ಕ. ಬಹುಪಾಲು ವಿದ್ವಾಂಸರು ಅದನ್ನೇ ಒಪ್ಪಿದರು. ಆದರೆ ವಾಯುಮಂಡಲ ಒಂದು ನಳಿಕೆಯಲ್ಲ, ಪದರ ಪದರವಾಗಿದೆ. ಶಾಖವು ಆಕಾಶಕ್ಕೆ ಹೊರಬೀಳುವುದು ಮೇಲಿನ ತೆಳುವಾದ, ಒಣಗಿದ ಪದರಗಳಿಂದ. ಅನಿಲ ಹೆಚ್ಚಿದಂತೆ ಆ ನಿರ್ಗಮನ ಇನ್ನೂ ಎತ್ತರದ, ಇನ್ನೂ ತಣ್ಣನೆಯ ಪದರಕ್ಕೆ ಸರಿಯುತ್ತದೆ. ಹೊರಹೋಗುವ ಶಾಖ ಕುಗ್ಗುತ್ತದೆ.

ವಾದ ಇತ್ಯರ್ಥವಾಗುವ ಮುನ್ನವೇ, 1927ರ ಅಕ್ಟೋಬರ್ 2ರಂದು ಅರೇನಿಯಸ್ ತೀರಿಕೊಂಡರು. 1938ರಲ್ಲಿ ಇಂಗ್ಲೆಂಡಿನ ಉಗಿಯಂತ್ರ ತಜ್ಞ ಗೈ ಕ್ಯಾಲೆಂಡರ್ ಹವಾಮಾನ ಕೇಂದ್ರಗಳ ದಾಖಲೆಗಳೊಂದಿಗೆ ಅದನ್ನು ಮತ್ತೆ ಎತ್ತಿದರು. 1958ರಲ್ಲಿ ಚಾರ್ಲ್ಸ್ ಕೀಲಿಂಗ್ ಹವಾಯಿಯ ಮೌನಾ ಲೋವಾ ಪರ್ವತದಲ್ಲಿ ಅಳತೆ ಆರಂಭಿಸಿದಾಗ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಈ ಅನಿಲ ಸುಮಾರು 315 ಭಾಗವಿತ್ತು. ಇಂದು 420ನ್ನು ದಾಟಿದೆ. ಕಾರ್ಖಾನೆಗಳ ಯುಗಕ್ಕೆ ಮುಂಚೆ ಅದು 280ರಷ್ಟಿತ್ತು. ಹೆಚ್ಚಿದ ಇಂಗಾಲ ಪುರಾತನ ಇಂಧನದಿಂದಲೇ ಬಂದುದೆಂಬುದಕ್ಕೆ ಅದರ ಐಸೋಟೋಪುಗಳೇ ಸಾಕ್ಷಿ.

ಅರೇನಿಯಸ್ ಹಿಡಿದ ದಾರಿ ಸರಿಯಾಗಿತ್ತು. ಅವರ ಎಣಿಕೆ ತಪ್ಪಿದ್ದು ಮನುಷ್ಯನ ಅವಸರದ ವಿಷಯದಲ್ಲಿ.