ದಿನಬಳಕೆಯ ಕಾರಿನಿಂದ ವಿಶ್ವಪದವಿಗೆ: ರೈತ ಜಿಮ್ ಕ್ಲಾರ್ಕ್

ವ್ಯಕ್ತಿ ಪರಿಚಯದ ಈ ಅಂಕಣದಲ್ಲಿ ನಾವು ಹೆಚ್ಚಾಗಿ ಶರಣರು, ಕವಿಗಳು, ಗಡಿನಾಡಿನ ಹಿರಿಯರ ಬಗ್ಗೆ ಬರೆಯುತ್ತ ಬಂದಿದ್ದೇವೆ. ಈ ಸಲ ದೂರದ ಸ್ಕಾಟ್ಲೆಂಡಿನ ಒಬ್ಬ ರೈತನ ಕಥೆ ಹೇಳುತ್ತೇವೆ. ಆತನ ಹೆಸರು ಜಿಮ್ ಕ್ಲಾರ್ಕ್. ಮೋಟಾರು ರೇಸಿನ ಲೋಕದಲ್ಲಿ ಎರಡು ಬಾರಿ ವಿಶ್ವ ಚಾಂಪಿಯನ್ ಆದವರು. ದುಧನಿ, ಮೈಂದರ್ಗಿ, ಅಕ್ಕಲಕೋಟದ ನಮ್ಮಂಥವರಿಗೂ ಅವರಿಗೂ ಏನು ಸಂಬಂಧ ಎಂದು ಕೇಳಬಹುದು. ಅವರೂ ಗಡಿಯ ಊರಿನವರು, ಅವರೂ ಹೊಲದ ಮನುಷ್ಯ. ಓದುತ್ತ ಹೋದರೆ ಮಿಕ್ಕದ್ದು ತಾನೇ ತಿಳಿಯುತ್ತದೆ.

ಗಡಿಯ ಹೊಲದಲ್ಲಿ ಬೆಳೆದ ಹುಡುಗ

ಜಿಮ್ ಕ್ಲಾರ್ಕ್ ಹುಟ್ಟಿದ್ದು 1936ರ ಮಾರ್ಚ್ 4ರಂದು, ಸ್ಕಾಟ್ಲೆಂಡಿನ ಫೈಫ್ ಸೀಮೆಯ ಕಿಲ್ಮನಿ ಎಂಬ ಹಳ್ಳಿಯಲ್ಲಿ. ನಾಲ್ಕು ಜನ ಅಕ್ಕಂದಿರ ನಂತರ ಹುಟ್ಟಿದ ಒಬ್ಬನೇ ಗಂಡುಮಗ. ಹುಡುಗನಿಗೆ ಆರು ವರ್ಷವಿದ್ದಾಗ, 1942ರಲ್ಲಿ, ಕುಟುಂಬ ದಕ್ಷಿಣಕ್ಕೆ ಬಂದು ಚರ್ನ್‌ಸೈಡ್ ಊರಿನ ಹತ್ತಿರ ಎಡಿಂಗ್ಟನ್ ಮೇನ್ಸ್ ಎಂಬ ಹೊಲಮನೆಯಲ್ಲಿ ನೆಲೆಸಿತು. ಅಲ್ಲಿಂದ ಇಂಗ್ಲೆಂಡಿನ ಗಡಿ ಕೆಲವೇ ಮೈಲಿ. ಹತ್ತಿರದ ದೊಡ್ಡ ಪೇಟೆ ಬೆರಿಕ್. ಹಳೆಯ ಕಾಲದಲ್ಲಿ ಸ್ಕಾಟ್ಲೆಂಡಿಗೂ ಇಂಗ್ಲೆಂಡಿಗೂ ನಡುವೆ ಹತ್ತಾರು ಬಾರಿ ಕೈ ಬದಲಾದ ಊರದು. ಈಗ ಇಂಗ್ಲೆಂಡಿನ ಲೆಕ್ಕಕ್ಕೆ ಸೇರಿದ್ದರೂ ಅದರ ಫುಟ್‌ಬಾಲ್ ತಂಡ ಆಡುವುದು ಸ್ಕಾಟ್ಲೆಂಡಿನ ಪಂದ್ಯಗಳಲ್ಲಿ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ ಎಂದು ಬದುಕುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕುರಿ ಸಾಕಣೆ, ಧಾನ್ಯ, ದನ ಇವೇ ಆ ಮನೆಯ ಬದುಕು. ಹುಡುಗನನ್ನು ಎಡಿನ್‌ಬರೊ ಕಡೆಯ ಒಳ್ಳೆಯ ಶಾಲೆಗಳಿಗೆ ಕಳಿಸಿದರು. ಆದರೆ ಹದಿನಾರನೆಯ ವಯಸ್ಸಿಗೆ ಶಾಲೆ ಬಿಟ್ಟು ಹೊಲಕ್ಕೆ ಮರಳಿದ. ಒಬ್ಬನೇ ಮಗ, ಮುಂದೆ ಹೊಲ ನೋಡಿಕೊಳ್ಳುವವನು ಅವನೇ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ನಮ್ಮ ಕಡೆ ತೊಗರಿ ರಾಶಿಗೆ ಒಬ್ಬ ಮಗ ಸಾಲದು ಎನ್ನುತ್ತೇವಲ್ಲ, ಹಾಗೆಯೇ ಅಲ್ಲಿಯೂ ಕುರಿ ಮರಿ ಹಾಕುವ ಕಾಲಕ್ಕೆ ಎಷ್ಟು ಕೈ ಇದ್ದರೂ ಸಾಲದು.

ಆದರೆ ಹುಡುಗನಿಗೆ ಇಂಜಿನ್ನಿನ ಗುಂಗು. ಟ್ರ್ಯಾಕ್ಟರ್ ಓಡಿಸುತ್ತ ಬೆಳೆದವನಿಗೆ ಮುಂದೆ ಸನ್‌ಬೀಮ್-ಟಾಲ್ಬೋಟ್ ಕಾರೊಂದು ಕೈಗೆ ಬಂತು. ಅದರಲ್ಲೇ ಸುತ್ತಲಿನ ಸಣ್ಣ ರ್‍ಯಾಲಿಗಳಿಗೆ, ಗುಡ್ಡ ಹತ್ತುವ ಸ್ಪರ್ಧೆಗಳಿಗೆ ಹೋಗತೊಡಗಿದ. ಬೆರಿಕ್ ಪೇಟೆಯ ಮೋಟಾರು ಸಂಘಕ್ಕೆ, ಯುವ ರೈತರ ಸಂಘಕ್ಕೆ ಸದಸ್ಯನಾದ. ತಂದೆತಾಯಿಗೆ ಇದು ಸರಿ ಕಾಣಲಿಲ್ಲ. ರೇಸ್ ಎಂದರೆ ಜೀವಕ್ಕೆ ಅಪಾಯ, ಹೊಲಕ್ಕೆ ನಷ್ಟ ಎಂಬ ಅಳುಕು ಅವರಿಗೆ ಕೊನೆಯವರೆಗೂ ಇತ್ತು.

1956ರ ಜೂನ್ 16

ಯುವ ರೈತರ ಬಳಗದಲ್ಲಿ ಕ್ಲಾರ್ಕ್‌ಗೆ ಇಯಾನ್ ಸ್ಕಾಟ್-ವಾಟ್ಸನ್ ಎಂಬ ಗೆಳೆಯನಿದ್ದ. ಅವನೂ ರೈತನೇ. ಅವನ ಬಳಿ ಜರ್ಮನಿಯ ಡಿಕೆಡಬ್ಲ್ಯೂ ಸೊಂಡರ್‌ಕ್ಲಾಸೆ ಎಂಬ ಕಾರಿತ್ತು. ರೇಸಿಗೆಂದು ಮಾಡಿದ ಕಾರಲ್ಲ, ಪೇಟೆಗೆ, ನೆಂಟರ ಮನೆಗೆ ಹೋಗಿಬರುವ ಸಾಮಾನ್ಯ ಕಾರು. ಮೂರು ಸಿಲಿಂಡರಿನ, ಸುಮಾರು 900 ಸಿಸಿಯ ಟೂ-ಸ್ಟ್ರೋಕ್ ಇಂಜಿನ್, ಎಳೆಯುವ ಶಕ್ತಿ ಮುಂದಿನ ಗಾಲಿಗಳಿಗೆ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ ಬೈಕು ಓಡಿಸಿದ ಹಿರಿಯರು ನಮ್ಮಲ್ಲಿ ಇದ್ದಾರೆ. ಪೆಟ್ರೋಲಿಗೆ ಆಯಿಲ್ ಬೆರೆಸುವುದು, ಹಿಂದೆ ಬಿಡುವ ನೀಲಿ ಹೊಗೆ, ಆ ಪಟಪಟ ಸದ್ದು, ಎಲ್ಲ ಅದೇ ಜಾತಿ.

ಆ ಕಾರನ್ನು ತೆಗೆದುಕೊಂಡು ಇಬ್ಬರೂ ಸ್ಕಾಟ್ಲೆಂಡಿನ ಈಶಾನ್ಯ ಮೂಲೆಯ ಕ್ರಿಮಂಡ್‌ಗೆ ಹೋದರು. ಮಹಾಯುದ್ಧದ ಕಾಲದಲ್ಲಿ ವಿಮಾನಗಳಿಗೆಂದು ಹಾಕಿದ ನೆಲ, ಯುದ್ಧ ಮುಗಿದ ಮೇಲೆ ಖಾಲಿ ಬಿದ್ದಿತ್ತು. ಇಂಥ ಬಯಲುಗಳೇ ಆಗ ಬ್ರಿಟನ್ನಿನಲ್ಲಿ ರೇಸ್ ಟ್ರ್ಯಾಕ್ ಆದವು. ಕ್ಲಾರ್ಕ್ ಮನೆಯ ಹತ್ತಿರದ ಚಾರ್ಟರ್‌ಹಾಲ್ ಕೂಡ ಹಾಗೆಯೇ ಆದದ್ದು. ನಮ್ಮ ದೇಶದಲ್ಲಿ ಮದ್ರಾಸಿನ ಬಳಿಯ ಶೋಳಾವರಂ ವಿಮಾನದ ನೆಲದಲ್ಲಿಯೂ ಇದೇ ರೀತಿ ವರ್ಷಾನುಗಟ್ಟಲೆ ರೇಸ್ ನಡೆದವು. ಅಲ್ಲಿ ಓಡಿದ್ದೂ ಬಹುಪಾಲು ನಮ್ಮ ಬೀದಿಗಳಲ್ಲಿ ಕಂಡ ಫಿಯಟ್, ಹೆರಾಲ್ಡ್, ಅಂಬಾಸಿಡರ್‌ಗಳೇ.

ಕಾರ ಹುಣ್ಣಿಮೆಯ ದಿನ ಕರಿ ಹರಿಯುವಾಗ ನಮ್ಮವರು ಏನು ಮಾಡುತ್ತಾರೆ? ವರ್ಷವಿಡೀ ನೊಗ ಹೊತ್ತ ಎತ್ತಿಗೇ ಕೊಂಬು ಸವರಿ, ಬಣ್ಣ ಹಚ್ಚಿ, ಓಟಕ್ಕೆ ಬಿಡುತ್ತಾರೆ. ಆ ಕಾಲದ ರೇಸೂ ಹಾಗೆಯೇ. ಮನೆಯ ಕಾರಿನ ಗಾಲಿಯ ಮುಚ್ಚಳ ತೆಗೆಯುವುದು, ಸ್ಟೆಪ್ನಿ ಮತ್ತು ಸಡಿಲ ಸಾಮಾನು ಕೆಳಗಿಳಿಸುವುದು, ಟೈರಿಗೆ ಗಾಳಿ ಹೆಚ್ಚಿಸುವುದು, ದೀಪದ ಗಾಜು ಒಡೆದರೆ ಚದುರದಂತೆ ಪಟ್ಟಿ ಅಂಟಿಸುವುದು, ಬಾಗಿಲ ಮೇಲೆ ನಂಬರು ಬರೆಯುವುದು. ಇಷ್ಟಾದರೆ ಕಾರು ಸಿದ್ಧ. ಸಂಜೆ ಅದೇ ಕಾರಿನಲ್ಲಿ ಮನೆಗೆ ಮರಳಬೇಕು ಎಂಬ ನೆನಪೂ ಇರಬೇಕು.

ಕ್ಲಾರ್ಕ್ ಅಲ್ಲಿಗೆ ಹೋಗಿದ್ದು ಗೆಳೆಯನ ಜೊತೆಗಾರನಾಗಿ. ಗೆಳೆಯ ಕಾರು ಅವನ ಕೈಗೇ ಕೊಟ್ಟ. ಸಾಮಾನ್ಯ ಕಾರನ್ನು ಟ್ರ್ಯಾಕಿನಲ್ಲಿ ಓಡಿಸಿದವರಿಗೆ ಅದರ ಕಷ್ಟ ಗೊತ್ತು. ತಿರುವಿನಲ್ಲಿ ಕಾರು ಒಂದು ಕಡೆ ವಾಲುತ್ತದೆ. ಮುಂದಿನ ಗಾಲಿಯೇ ಎಳೆಯುವ ಕಾರಾದರೆ ಸ್ಟೇರಿಂಗ್ ತಿರುಗಿಸಿದರೂ ಮೂತಿ ಹೊರಗೇ ಜಾರಲು ನೋಡುತ್ತದೆ. ಡ್ರಮ್ ಬ್ರೇಕು ನಾಲ್ಕಾರು ಸುತ್ತಿಗೆ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಬಲ ಹಾಕಿದಷ್ಟೂ ಕಾರು ಮುನಿಯುತ್ತದೆ. ಕ್ಲಾರ್ಕ್ ಆ ಕಾರನ್ನು ಅದರ ಮಾಲೀಕನಿಗಿಂತ ಬೇಗ ಓಡಿಸಿದ. ಆದರೂ ಹೆಚ್ಚು ಶಕ್ತಿಯ ಕಾರುಗಳ ನಡುವೆ ಆ ಪುಟ್ಟ ಇಂಜಿನ್ ಎಷ್ಟು ತಾನೇ ಎಳೆದೀತು? ಕೊನೆಯವನಾಗಿ ಓಟ ಮುಗಿಸಿದ.

ಮುಂದೆ ಜಗತ್ತಿನ ಮೊದಲಿಗನಾದವನ ಮೊದಲ ರೇಸ್ ಕೊನೆಯ ಸ್ಥಾನದಲ್ಲಿ ಮುಗಿಯಿತು. ಗೆಳೆಯ ಮಾತ್ರ ಫಲಿತಾಂಶದ ಪಟ್ಟಿ ನೋಡಲಿಲ್ಲ, ಗಡಿಯಾರ ನೋಡಿದ. ಈ ಹುಡುಗನಲ್ಲಿ ಏನೋ ಇದೆ ಎಂದು ಮೊದಲು ಕಂಡವನು ಅವನೇ. ಅದೇ ವರ್ಷದ ನವೆಂಬರ್ 1ರಂದು ನಮ್ಮಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗಿ, ಕಲಬುರಗಿ ಮೈಸೂರು ರಾಜ್ಯಕ್ಕೆ, ದುಧನಿ-ಅಕ್ಕಲಕೋಟ ಮುಂಬಯಿ ರಾಜ್ಯಕ್ಕೆ ಎಂದು ಗೆರೆ ಬಿತ್ತು.

ಊರಿನವರು ಬೆಳೆಸಿದ ಆಟಗಾರ

ಕ್ಲಾರ್ಕ್ ತಾವಾಗಿ ಮುನ್ನುಗ್ಗುವ ಸ್ವಭಾವದವರಲ್ಲ. ಸಂಕೋಚದ ಮನುಷ್ಯ, ಸದಾ ಉಗುರು ಕಚ್ಚುವ ಅಭ್ಯಾಸ. ಕಾರಿನ ಹೊರಗೆ ಸಣ್ಣ ವಿಷಯಕ್ಕೂ ತೀರ್ಮಾನ ಮಾಡಲು ಒದ್ದಾಡುತ್ತಿದ್ದರೆಂದು ಬಲ್ಲವರು ಹೇಳುತ್ತಿದ್ದರು. ಅವರನ್ನು ಮುಂದೆ ತಳ್ಳಿದವರು ಊರಿನವರು. ಸ್ಕಾಟ್-ವಾಟ್ಸನ್ ತನ್ನ ಪೋರ್ಶೆ ಕಾರನ್ನೂ ಅವರ ಕೈಗೆ ಕೊಟ್ಟ. ಚರ್ನ್‌ಸೈಡ್‌ನಲ್ಲಿ ಗ್ಯಾರೇಜು ನಡೆಸುತ್ತಿದ್ದ ಜಾಕ್ ಮೆಕ್‌ಬೇನ್ ಎಂಬವರು ಬಾರ್ಡರ್ ರೀವರ್ಸ್ ಎಂಬ ತಂಡ ಕಟ್ಟಿ, ಜಾಗ್ವಾರ್ ಡಿ-ಟೈಪ್ ತರಿಸಿದರು. ಹಿಂದಿನ ಶತಮಾನಗಳಲ್ಲಿ ಗಡಿ ದಾಟಿ ದನ ಹೊಡೆದುಕೊಂಡು ಬರುತ್ತಿದ್ದ ಪಾಳೆಯಗಾರರ ಹೆಸರದು. ಆ ತಂಡದ ಕಾಲದಲ್ಲಿ, 1958ರಲ್ಲಿ, ಕ್ಲಾರ್ಕ್ 18 ರೇಸ್ ಗೆದ್ದರು. ಅದೇ ವರ್ಷದ ಡಿಸೆಂಬರಿನಲ್ಲಿ ಬ್ರ್ಯಾಂಡ್ಸ್ ಹ್ಯಾಚ್ ಟ್ರ್ಯಾಕಿನಲ್ಲಿ ಲೋಟಸ್ ಕಂಪನಿಯ ಒಡೆಯ ಕಾಲಿನ್ ಚಾಪ್‌ಮನ್ ಅವರ ಹಿಂದೆಯೇ ಎರಡನೆಯವರಾಗಿ ಬಂದರು. ಚಾಪ್‌ಮನ್ ಅವರನ್ನು ಮರೆಯಲಿಲ್ಲ.

ಒಂದು ಗ್ಯಾರೇಜು, ಒಂದು ಸಣ್ಣ ಸಂಘ, ಕಾರಿನ ಕೀಲಿ ಕೊಡುವ ಒಬ್ಬ ಗೆಳೆಯ. ವಿಶ್ವ ಚಾಂಪಿಯನ್ನನ ಬೇರು ಇಷ್ಟೇ. ಸಣ್ಣ ಊರಿನ ಸಂಘಗಳು ಏನು ಮಾಡಬಲ್ಲವು ಎಂದು ವರ್ಗಣಿ ಕೇಳಲು ಹೋದಾಗ ನಮ್ಮನ್ನು ಪ್ರಶ್ನಿಸುವವರಿಗೆ ನಾವು ಇದನ್ನು ಹೇಳಬಹುದು.

ಗೆಲುವಿನ ವರ್ಷಗಳು

1960ರ ಜೂನ್ 6ರಂದು ಹಾಲೆಂಡಿನಲ್ಲಿ ಕ್ಲಾರ್ಕ್ ಲೋಟಸ್ ತಂಡದ ಪರವಾಗಿ ಮೊದಲ ಫಾರ್ಮುಲಾ ಒನ್ ರೇಸ್ ಓಡಿದರು. 1962ರಲ್ಲಿ ಕೊನೆಯ ರೇಸಿನಲ್ಲಿ ಮುಂದಿದ್ದಾಗ ಆಯಿಲ್ ಸೋರಿ ಪದವಿ ಕೈ ತಪ್ಪಿತು. 1963ರಲ್ಲಿ ಹತ್ತರಲ್ಲಿ ಏಳು ರೇಸ್ ಗೆದ್ದು ವಿಶ್ವ ಚಾಂಪಿಯನ್ ಆದರು. 1964ರಲ್ಲಿ ಮತ್ತೆ ಕೊನೆಯ ರೇಸಿನ ಕೊನೆಯ ಗಳಿಗೆಯಲ್ಲಿ ಆಯಿಲ್ ಸೋರಿಕೆ, ಮತ್ತೆ ನಿರಾಸೆ. 1965ರಲ್ಲಿ ಎರಡನೆಯ ಬಾರಿ ಚಾಂಪಿಯನ್. ಅದೇ ವರ್ಷ ಅಮೆರಿಕದ ಇಂಡಿಯಾನಾಪೊಲಿಸ್ 500 ಮೈಲಿ ರೇಸಿನ 200 ಸುತ್ತುಗಳಲ್ಲಿ 190 ಸುತ್ತು ಮುಂದಿದ್ದು ಗೆದ್ದರು. ಒಂದೇ ವರ್ಷದಲ್ಲಿ ಈ ಎರಡನ್ನೂ ಗೆದ್ದವರು ಇಂದಿಗೂ ಅವರೊಬ್ಬರೇ.

ನಮಗೆ ಹೆಚ್ಚು ಹಿಡಿಸುವುದು ಈ ದೊಡ್ಡ ಪದವಿಗಳಲ್ಲ, 1964ರ ಇನ್ನೊಂದು ಗೆಲುವು. ಆಗ ಫೋರ್ಡ್ ಕಂಪನಿಯ ಕಾರ್ಟಿನಾ ಎಂದರೆ ಬ್ರಿಟನ್ನಿನ ಮಧ್ಯಮ ವರ್ಗದ ಮನೆಯ ಕಾರು. ಅದರೊಳಗೆ ಲೋಟಸ್‌ನವರು 1558 ಸಿಸಿಯ ಇಂಜಿನ್ ಕೂರಿಸಿ, ಬಾಗಿಲು, ಬಾನೆಟ್, ಡಿಕ್ಕಿಯ ಮುಚ್ಚಳಗಳನ್ನು ಅಲ್ಯುಮಿನಿಯಂನಲ್ಲಿ ಮಾಡಿ ಭಾರ ಇಳಿಸಿದರು. ಬಿಳಿ ಮೈಗೆ ಹಸಿರು ಪಟ್ಟಿ. ನಾಲ್ಕು ಜನ ಕೂರುವ ಈ ಕಾರಿನಲ್ಲಿ ಕ್ಲಾರ್ಕ್ ಬ್ರಿಟಿಷ್ ಸಲೂನ್ ಕಾರ್ ಚಾಂಪಿಯನ್‌ಶಿಪ್ ಗೆದ್ದರು. ತಿರುವಿನಲ್ಲಿ ಒಳಗಿನ ಮುಂದಿನ ಗಾಲಿ ನೆಲ ಬಿಟ್ಟು ಮೇಲೆದ್ದಿರುವ ಅವರ ಕಾರಿನ ಚಿತ್ರಗಳು ಇಂದಿಗೂ ಪ್ರಸಿದ್ಧ. ವಿಶ್ವ ಚಾಂಪಿಯನ್ ಆದ ಮೇಲೂ ಮನೆಯ ಕಾರಿನ ಓಟ ಅವರಿಗೆ ಕೀಳಾಗಿ ಕಾಣಲಿಲ್ಲ.

ಅವರ ಓಟದಲ್ಲಿ ಅಬ್ಬರವಿರಲಿಲ್ಲ. ಬೇರೆಯವರು ಕಾರಿನೊಡನೆ ಜಗಳವಾಡುತ್ತಿದ್ದರೆ ಇವರು ಅದನ್ನು ಒಲಿಸಿಕೊಳ್ಳುತ್ತಿದ್ದರು. ಇವರ ಕಾರಿನ ಬ್ರೇಕು, ಟೈರು ಕಡಿಮೆ ಸವೆಯುತ್ತಿದ್ದವೆಂದು ಮೆಕ್ಯಾನಿಕ್‌ಗಳು ಗುರುತಿಸಿದ್ದರು. ಶಕ್ತಿ ಕಡಿಮೆಯಿದ್ದ ಆ ಮೊದಲ ಕಾರನ್ನು ನೆನೆದರೆ, ಇದ್ದದ್ದರಲ್ಲೇ ಹದವಾಗಿ ದುಡಿಸಿಕೊಳ್ಳುವ ರೈತನ ಗುಣ ಇದು ಎಂದು ನಮಗೆ ಅನ್ನಿಸುತ್ತದೆ.

ಬೆಲೆ

ಆ ಕಾಲದ ರೇಸು ವರ್ಷವೂ ಜೀವ ಕೇಳುತ್ತಿತ್ತು. 1960ರಲ್ಲಿ ಬೆಲ್ಜಿಯಂನ ಸ್ಪಾದಲ್ಲಿ ಒಂದೇ ರೇಸಿನಲ್ಲಿ ಇಬ್ಬರು ಸತ್ತರು. ಅವರಲ್ಲೊಬ್ಬ ಕ್ಲಾರ್ಕ್ ಅವರ ತಂಡದವನೇ. 1961ರಲ್ಲಿ ಇಟಲಿಯ ಮೊಂಜಾದಲ್ಲಿ ಕ್ಲಾರ್ಕ್ ಅವರ ಕಾರಿಗೆ ತಗುಲಿ ಜರ್ಮನಿಯ ಫಾನ್ ಟ್ರಿಪ್ಸ್ ಅವರ ಕಾರು ಜನರ ಮೇಲೆ ಹಾರಿ, ಅವರೂ ಹತ್ತಕ್ಕೂ ಹೆಚ್ಚು ಪ್ರೇಕ್ಷಕರೂ ತೀರಿಕೊಂಡರು. ಆ ಭಾರ ಹೊತ್ತುಕೊಂಡೇ ಕ್ಲಾರ್ಕ್ ಓಡಿದರು. ಸ್ಪಾ ಟ್ರ್ಯಾಕನ್ನು ಅವರು ದ್ವೇಷಿಸುತ್ತಿದ್ದರು, ಆದರೂ 1962ರಿಂದ 1965ರವರೆಗೆ ನಾಲ್ಕು ವರ್ಷವೂ ಅಲ್ಲಿ ಗೆದ್ದವರು ಅವರೇ. ರೇಸ್ ಮುಗಿದ ಮೇಲೆ ಮನಸ್ಸು ಓಡುತ್ತಿದ್ದುದು ಎಡಿಂಗ್ಟನ್ ಮೇನ್ಸ್‌ನ ಕುರಿಗಳ ಕಡೆಗೆ. ಹೊಲ ಬಿಡಲಾಗದು, ಓಟವನ್ನೂ ಬಿಡಲಾಗದು ಎಂಬ ಇಬ್ಬಂದಿ ತೀರಲೇ ಇಲ್ಲ. ಮದುವೆಯಾಗಲಿಲ್ಲ.

1968ರ ಜನವರಿ 1ರಂದು ದಕ್ಷಿಣ ಆಫ್ರಿಕದಲ್ಲಿ 25ನೆಯ ಗ್ರ್ಯಾಂಡ್ ಪ್ರಿ ಗೆದ್ದು, ಫ್ಯಾಂಜಿಯೋ ಅವರ 24 ಗೆಲುವುಗಳ ದಾಖಲೆ ದಾಟಿದರು. ಮೂರು ತಿಂಗಳ ನಂತರ, ಏಪ್ರಿಲ್ 7ರಂದು, ಜರ್ಮನಿಯ ಹೊಕೆನ್‌ಹೈಮ್‌ನಲ್ಲಿ ಫಾರ್ಮುಲಾ ಟೂ ರೇಸ್. ವಿಶ್ವಪದವಿಗೆ ಲೆಕ್ಕವಿಲ್ಲದ ಸಣ್ಣ ಪಂದ್ಯ. ಮಳೆಗೆ ನೆಲ ಒದ್ದೆಯಾಗಿತ್ತು. ಐದನೆಯ ಸುತ್ತಿನಲ್ಲಿ ಕಾರು ದಾರಿ ಬಿಟ್ಟು ಪಕ್ಕದ ಮರಗಳಿಗೆ ಅಪ್ಪಳಿಸಿತು. ಹಿಂದಿನ ಟೈರಿನ ಗಾಳಿ ಇಳಿದದ್ದೇ ಕಾರಣವಿರಬೇಕೆಂದು ನಂಬಲಾಗಿದೆ. ಟ್ರ್ಯಾಕಿಗೂ ಮರಗಳಿಗೂ ನಡುವೆ ತಡೆಬೇಲಿ ಇರಲಿಲ್ಲ. ಆಗ ಕ್ಲಾರ್ಕ್ ಅವರಿಗೆ ಬರೀ 32 ವರ್ಷ. ಅಷ್ಟು ಹದವಾಗಿ ಓಡಿಸುವ ಮನುಷ್ಯನೇ ಹೋದ ಮೇಲೆ ತಮ್ಮ ಗತಿಯೇನು ಎಂದು ಜೊತೆಯ ಚಾಲಕರು ಕಂಗೆಟ್ಟರು. ಅವರದೇ ನಾಡಿನ ಜಾಕಿ ಸ್ಟೀವರ್ಟ್ ಅದಾಗಲೇ ತಡೆಬೇಲಿ, ವೈದ್ಯರು, ಸೀಟ್ ಬೆಲ್ಟ್ ಎಂದು ಹೋರಾಟ ಹೂಡಿದ್ದರು. ಆ ದನಿಗೆ ಬಲ ಬಂತು. ಇಂದಿನ ಟ್ರ್ಯಾಕುಗಳ ಸುರಕ್ಷತೆ ಇಂಥ ಸಾವುಗಳ ಮೇಲೆ ಕಟ್ಟಿದ್ದು.

ನಮ್ಮ ಹುಡುಗರಿಗೆ ಒಂದು ಮಾತು

ಸೋಲಾಪುರ-ಅಕ್ಕಲಕೋಟ ರಸ್ತೆ ಅಗಲವಾದ ಮೇಲೆ ರಾತ್ರಿ ಹೊತ್ತು ಅಪ್ಪನ ಕಾರು ತೆಗೆದು ವೇಗ ನೋಡುವ ಹುಡುಗರನ್ನು ನಾವು ಕಂಡಿದ್ದೇವೆ. ಬೈದರೆ ಕೇಳುವ ವಯಸ್ಸಲ್ಲ. ವೇಗದ ಆಸೆ ತಪ್ಪು ಎಂದೂ ನಾವು ಹೇಳುವುದಿಲ್ಲ, ಕ್ಲಾರ್ಕ್ ಅವರಿಗೂ ಇದ್ದದ್ದು ಅದೇ ಆಸೆ. ಆದರೆ ಆ ಆಸೆಗೆ ಜಾಗ ಬೇರೆ ಇದೆ. ಎದುರಿಗೆ ಕಬ್ಬಿನ ಟ್ರ್ಯಾಲಿ, ದೀಪವಿಲ್ಲದ ಬಂಡಿ, ಅಡ್ಡ ಬರುವ ದನ ಇಲ್ಲದ ಜಾಗ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ, ಕೊಯಮತ್ತೂರಿನ ಕರಿ ಸ್ಪೀಡ್‌ವೇಗಳಂಥ ಟ್ರ್ಯಾಕುಗಳು ಇರುವುದೇ ಅದಕ್ಕೆ. ಹೆಲ್ಮೆಟ್ ತೊಟ್ಟು, ಬ್ರೇಕು ಟೈರು ನೋಡಿಸಿಕೊಂಡು, ಕಲಿಸುವವರ ಮುಂದೆ ಓಡಿಸಿದರೆ ತನ್ನ ಕಾರಿನ ಮಿತಿ, ತನ್ನ ಮಿತಿ ಎರಡೂ ತಿಳಿಯುತ್ತವೆ. ಅಲ್ಲಿ ಕೊನೆಯವರಾಗಿ ಬಂದರೂ ನಾಚಿಕೆಯಿಲ್ಲ. ಕ್ಲಾರ್ಕ್ ಕೂಡ ಹಾಗೆಯೇ ಬಂದರು.

ಡನ್ಸ್ ಎಂಬ ಪೇಟೆಯಲ್ಲಿ ಅವರ ಟ್ರೋಫಿಗಳನ್ನು ಇಟ್ಟು ಊರಿನವರು 1969ರಿಂದ ನೋಡಿಕೊಂಡು ಬಂದಿದ್ದಾರೆ. 2019ರಲ್ಲಿ ಅಲ್ಲಿ ಹೊಸ ಸಂಗ್ರಹಾಲಯವೂ ಆಯಿತು. ಸಮಾಧಿ ಇರುವುದು ಚರ್ನ್‌ಸೈಡ್ ಚರ್ಚಿನ ಅಂಗಳದಲ್ಲಿ. ಕಲ್ಲಿನ ಮೇಲೆ ಹೆಸರಿನ ಕೆಳಗೆ ಮೊದಲು ಕೆತ್ತಿರುವುದು ಎಡಿಂಗ್ಟನ್ ಮೇನ್ಸ್‌ನ ರೈತ ಎಂದು. ವಿಶ್ವ ಚಾಂಪಿಯನ್ ಎಂಬುದು ಅದರ ನಂತರದ ಸಾಲಿನಲ್ಲಿದೆ.

ಈ ಪರಿಚಯವನ್ನು ಮನೆಯ ಮಕ್ಕಳಿಗೆ ಓದಿ ಹೇಳಿ. ಜಾವಾ, ಹೆರಾಲ್ಡ್, ಫಿಯಟ್ ಕಾಲದ ನೆನಪುಳ್ಳ ಹಿರಿಯರು ಮುಂದಿನ ಕೂಟಕ್ಕೆ ತಪ್ಪದೆ ಬನ್ನಿ, ನಿಮ್ಮ ಮಾತು ಕೇಳಲು ನಾವು ಕಾದಿದ್ದೇವೆ.