ಚೋಮನಾದ ವಾಸುದೇವರಾವ್

ಕಳೆದ ತಿಂಗಳು ನಮ್ಮ ತರಗತಿಯ ಕ್ವಿಜ್‌ನಲ್ಲಿ ಒಂದು ಪ್ರಶ್ನೆ ಬಂತು. ಕನ್ನಡ ಚಿತ್ರಕ್ಕಾಗಿ ಅತ್ಯುತ್ತಮ ನಟ ಎಂಬ ರಾಷ್ಟ್ರಪ್ರಶಸ್ತಿಯನ್ನು ಮೊದಲು ಪಡೆದವರು ಯಾರು? ನಮ್ಮ ಬೆಂಚಿನವರೆಲ್ಲ ಒಟ್ಟಿಗೆ ರಾಜ್‌ಕುಮಾರ್ ಎಂದು ಕೂಗಿದೆವು. ಅಂಕ ಹೋಯಿತು. ಅಣ್ಣಾವ್ರಿಗೆ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಬಂದಿದೆ, ‘ಜೀವನ ಚೈತ್ರ’ದಲ್ಲಿ ಹಾಡಿದ್ದಕ್ಕೆ ಗಾಯಕರಾಗಿ ರಾಷ್ಟ್ರಪ್ರಶಸ್ತಿಯೂ ಬಂದಿದೆ. ಆದರೆ ನಟನೆಗೆ ಆ ಪ್ರಶಸ್ತಿ ಬರಲೇ ಇಲ್ಲ. ಸರಿಯಾದ ಉತ್ತರ ಎಂ. ವಿ. ವಾಸುದೇವರಾವ್. ನಮ್ಮಲ್ಲಿ ಒಬ್ಬರೂ ಆ ಹೆಸರು ಕೇಳಿರಲಿಲ್ಲ. ನಾಚಿಕೆಯಾಯಿತು, ಅದಕ್ಕೇ ಇವರ ಬಗ್ಗೆ ಬರೆಯುತ್ತಿದ್ದೇನೆ.

ವಾಸುದೇವರಾವ್ ಅವರು ಚಿಕ್ಕಂದಿನಿಂದಲೇ ನಾಟಕ ಕಂಪನಿಯಲ್ಲಿ ಬೆಳೆದವರು. ರಂಗದ ಮೇಲೆ ಬಹಳ ವರ್ಷ ದುಡಿದರು. ಪೋಸ್ಟರ್‌ನಲ್ಲಿ ದೊಡ್ಡದಾಗಿ ಮುಖ ಹಾಕುವಂಥ ನಟರಲ್ಲ. ಹೀರೊ ಎಂದರೆ ನಮಗೆ ನೆನಪಾಗುವ ಎತ್ತರ, ಮೈಕಟ್ಟು, ಫೈಟಿಂಗ್ ಯಾವುದೂ ಅವರಲ್ಲಿರಲಿಲ್ಲ. ವಯಸ್ಸೂ ಆಗಿತ್ತು. ಅಂಥವರನ್ನು ನಿರ್ದೇಶಕ ಬಿ. ವಿ. ಕಾರಂತರು 1975ರಲ್ಲಿ ‘ಚೋಮನ ದುಡಿ’ ಚಿತ್ರದ ಮುಖ್ಯ ಪಾತ್ರಕ್ಕೆ ಆರಿಸಿಕೊಂಡರು. ಕಾರಂತರೂ ಹುಡುಗನಾಗಿದ್ದಾಗ ಗುಬ್ಬಿ ವೀರಣ್ಣನವರ ಕಂಪನಿ ಸೇರಿದವರು. ಮುಂದೆ ಮೈಸೂರಿನಲ್ಲಿ ರಂಗಾಯಣ ಕಟ್ಟಿದವರೂ ಅವರೇ.

‘ಚೋಮನ ದುಡಿ’ ಶಿವರಾಮ ಕಾರಂತರು 1933ರಲ್ಲಿ ಪ್ರಕಟಿಸಿದ ಕಾದಂಬರಿ. ಚೋಮ ದಕ್ಷಿಣ ಕನ್ನಡದ ಒಬ್ಬ ದಲಿತ ಜೀತದಾಳು. ಅವನ ಹತ್ತಿರ ಒಂದು ಜೊತೆ ಎತ್ತುಗಳಿವೆ, ಉಳಲು ಭೂಮಿ ಮಾತ್ರ ಇಲ್ಲ. ಒಂದು ತುಂಡು ಗದ್ದೆಯನ್ನು ತಾನೇ ಸಾಗುವಳಿ ಮಾಡಬೇಕೆಂಬುದು ಅವನ ಒಂದೇ ಆಸೆ. ಅವನ ಜಾತಿಯವರಿಗೆ ಗದ್ದೆ ಕೊಡುವ ಪದ್ಧತಿ ಇಲ್ಲವೆಂದು ಒಡೆಯರ ಮನೆಯಲ್ಲಿ ಒಪ್ಪುವುದಿಲ್ಲ. ಸಾಲ ತೀರಿಸಲು ಮಕ್ಕಳು ಕಾಫಿ ತೋಟಕ್ಕೆ ಹೋಗುತ್ತಾರೆ. ಅಲ್ಲಿ ಎಷ್ಟು ದುಡಿದರೂ ಸಾಲ ಕರಗುವುದಿಲ್ಲ. ನಾನು ಕಾಮರ್ಸ್ ವಿದ್ಯಾರ್ಥಿ. ಲೆಡ್ಜರಿನ ಎರಡೂ ಕಡೆ ಸರಿಹೊಂದಲೇಬೇಕೆಂದು ನಮಗೆ ದಿನಾ ಹೇಳಿಕೊಡುತ್ತಾರೆ. ತೋಟದ ರೈಟರ್ ಇಟ್ಟಿದ್ದ ಲೆಕ್ಕದ ಪುಸ್ತಕದಲ್ಲೂ ಬಹುಶಃ ಸರಿಯಾಗಿಯೇ ಹೊಂದಿರಬೇಕು. ಒಬ್ಬ ಮಗ ಜ್ವರದಲ್ಲಿ ಸಾಯುತ್ತಾನೆ. ಇನ್ನೊಬ್ಬ ನೀರಿನಲ್ಲಿ ಮುಳುಗುವಾಗ ದಡದಲ್ಲಿ ಜನರಿರುತ್ತಾರೆ, ಮುಟ್ಟಿದರೆ ಮೈಲಿಗೆ ಎಂದು ಎತ್ತುವುದಿಲ್ಲ.

ಸಿನಿಮಾ ಕಪ್ಪು ಬಿಳುಪು. ವಾಸುದೇವರಾವ್ ಅದರಲ್ಲಿ ಹೆಚ್ಚು ಮಾತಾಡುವುದಿಲ್ಲ. ಕೋಪ ಬಂದರೂ ದುಃಖ ಬಂದರೂ ದುಡಿ ಎತ್ತಿಕೊಂಡು ಬಾರಿಸುತ್ತಾರೆ. ಮೊದಲ ಅರ್ಧ ಗಂಟೆ ನನಗೆ ಬೇಸರವಾಯಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ದುಡಿ ಯಾವ ಮನಸ್ಸಿನಿಂದ ಬಾರಿಸುತ್ತಿದ್ದಾರೆಂದು ಕಣ್ಣು ಮುಚ್ಚಿದರೂ ತಿಳಿಯತೊಡಗಿತು. ಕೊನೆಯಲ್ಲಿ ಬಾಗಿಲು ಹಾಕಿಕೊಂಡು ಬಾರಿಸುತ್ತಾರಲ್ಲ, ಅದನ್ನು ಎರಡನೇ ಸಲ ನೋಡಲು ನನಗೆ ಆಗಲಿಲ್ಲ.

ಈ ಚಿತ್ರ ಬರುವ ಮುಂಚಿನ ವರ್ಷ, 1974ರಲ್ಲಿ, ನಮ್ಮ ಜಿಲ್ಲೆಯವರೇ ಆದ ದೇವರಾಜ ಅರಸರ ಭೂಸುಧಾರಣೆ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದಿತ್ತು. ಗೇಣಿದಾರರಿಗೆ ಭೂಮಿ ಸಿಕ್ಕಿತು. ಆದರೆ ಚೋಮ ಗೇಣಿದಾರನೂ ಅಲ್ಲ, ಬರೀ ಆಳು. ತಿ. ನರಸೀಪುರದ ಕಡೆಯ ಗದ್ದೆ ಬಯಲನ್ನು ಬಸ್ಸಿನ ಕಿಟಕಿಯಿಂದ ನೋಡುವಾಗ, ಇದರಲ್ಲಿ ಚೋಮನ ಮೊಮ್ಮಕ್ಕಳಂಥವರ ಪಾಲು ಎಷ್ಟಿರಬಹುದು ಎಂದು ಈಗ ಯೋಚನೆ ಬರುತ್ತದೆ.

1975ರ ಚಿತ್ರಗಳಿಗೆ ಕೊಟ್ಟ ರಾಷ್ಟ್ರಪ್ರಶಸ್ತಿಗಳಲ್ಲಿ ‘ಚೋಮನ ದುಡಿ’ ಅತ್ಯುತ್ತಮ ಚಿತ್ರವಾಗಿ ಸ್ವರ್ಣಕಮಲ ಪಡೆಯಿತು. ಶಿವರಾಮ ಕಾರಂತರಿಗೆ ಕಥೆಗಾಗಿ, ವಾಸುದೇವರಾವ್ ಅವರಿಗೆ ನಟನೆಗಾಗಿ ಪ್ರಶಸ್ತಿ ಬಂತು. ಅದೇ ಸಲ ಕನ್ನಡದ ಅತ್ಯುತ್ತಮ ಚಿತ್ರವೆಂದು ಗೆದ್ದದ್ದು ‘ಹಂಸಗೀತೆ’. ಅದರ ನಿರ್ದೇಶಕ ಜಿ. ವಿ. ಅಯ್ಯರ್ ನಮ್ಮ ನಂಜನಗೂಡಿನಲ್ಲಿ ಹುಟ್ಟಿದವರು! ಬಿ. ವಿ. ಕಾರಂತ ಮತ್ತು ಗಿರೀಶ ಕಾರ್ನಾಡರು ಸೇರಿ ಮಾಡಿದ ‘ವಂಶವೃಕ್ಷ’ಕ್ಕೆ ನಿರ್ಮಾಪಕರೂ ಅಯ್ಯರ್ ಅವರೇ. ಆ ಕಾದಂಬರಿಯ ಶ್ರೋತ್ರಿಗಳ ಮನೆ ಇರುವುದು ನಮ್ಮೂರಿನ ಕಪಿಲಾ ನದಿಯ ಹತ್ತಿರ.

ಪ್ರಶಸ್ತಿ ಬಂದ ಮೇಲೂ ವಾಸುದೇವರಾವ್ ಸ್ಟಾರ್ ಆಗಲಿಲ್ಲ. ಆದರೆ 1977ರಲ್ಲಿ ಬಂಗಾಳದ ಮೃಣಾಲ್ ಸೇನ್ ತೆಲುಗಿನಲ್ಲಿ ‘ಒಕ ಊರಿ ಕಥ’ ಮಾಡಿದಾಗ ಮುಖ್ಯ ಪಾತ್ರಕ್ಕೆ ಇವರನ್ನೇ ಕರೆದರು. ಕಥೆ ಪ್ರೇಮಚಂದರ ‘ಕಫನ್’. ಅದನ್ನು ಅವರು ಮೊದಲು ಬರೆದದ್ದು ಉರ್ದುವಿನಲ್ಲಿ. ಇದರಲ್ಲಿ ವಾಸುದೇವರಾವ್ ಅವರ ವೆಂಕಯ್ಯ ಚೋಮನಿಗೆ ಪೂರ್ತಿ ತದ್ವಿರುದ್ಧ. ದುಡಿದರೆ ಜಮೀನ್ದಾರನ ಹೊಟ್ಟೆ ತುಂಬುತ್ತದೆ, ಆದ್ದರಿಂದ ದುಡಿಯುವುದೇ ಇಲ್ಲ ಎಂದು ಕೂತವನು. ಜೀವನವಿಡೀ ದುಡಿದರೂ ಗದ್ದೆ ಸಿಗದ ಚೋಮ, ದುಡಿಯಲು ಒಪ್ಪದ ವೆಂಕಯ್ಯ, ಇಬ್ಬರೂ ಒಬ್ಬರೇ ನಟ. ಚೋಮನ ಕಥೆ ನೋಡಿದ ಮೇಲೆ ವೆಂಕಯ್ಯನನ್ನು ಬರೀ ಸೋಮಾರಿ ಎಂದು ಬೈಯಲು ನನಗೆ ಮನಸ್ಸು ಬರುತ್ತಿಲ್ಲ.

1987ರಲ್ಲಿ ಮಣಿರತ್ನಂ ಅವರ ತಮಿಳು ಚಿತ್ರ ‘ನಾಯಗನ್’ನಲ್ಲಿ ಅವರದು ಚಿಕ್ಕ ಪಾತ್ರ. ಮುಂಬೈಗೆ ಓಡಿಬಂದ ಅನಾಥ ಹುಡುಗನನ್ನು ಸಾಕುವ ಹುಸೇನ್ ಭಾಯಿ. ಆ ಹುಡುಗ ದೊಡ್ಡವನಾದ ಪಾತ್ರ ಮಾಡಿದ ಕಮಲ್ ಹಾಸನ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಅದರ ಹಿಂದಿನ ವರ್ಷದ ‘ತಬರನ ಕಥೆ’ಗಾಗಿ ಕಮಲ್ ಅವರ ಅಣ್ಣ ಚಾರುಹಾಸನ್ ಅವರಿಗೆ ಬಂದಿತ್ತು. ಕನ್ನಡ ಚಿತ್ರಕ್ಕೆ ಅದು ಎರಡನೆಯದು. ಆಮೇಲೆ ಸಂಚಾರಿ ವಿಜಯ್, ರಿಷಬ್ ಶೆಟ್ಟಿ.

ವಾಸುದೇವರಾವ್ 2002ರಲ್ಲಿ ತೀರಿಕೊಂಡರು.

‘ನಾಯಗನ್’ ನಮ್ಮ ದಾದಿಗೆ ಬಹಳ ಇಷ್ಟದ ಸಿನಿಮಾ. ಹುಸೇನ್ ಭಾಯಿ ಮಾಡಿದವರು ಖಂಡಿತ ಮುಂಬೈ ಕಡೆಯ ನಮ್ಮವರೇ ಯಾರೋ ಮುದುಕರು ಎಂದು ಅವರು ಇಷ್ಟು ವರ್ಷ ನಂಬಿದ್ದರು. ಮೊಬೈಲಿನಲ್ಲಿ ದುಡಿ ಹಿಡಿದ ಚೋಮನ ಫೋಟೊ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಇವರೇ ಅವರು ಎಂದು ಇನ್ನೂ ಒಪ್ಪಿಲ್ಲ.