ಕಿತ್ತೂರ ಕೋಟೆಯಿಂದ ನಂದಗಡದವರೆಗೆ: ವೀರ ಸಂಗೊಳ್ಳಿ ರಾಯಣ್ಣ



ಕಿತ್ತೂರ ರಾಣಿ ಚೆನ್ನಮ್ಮನ ಹೆಸರು ಕೇಳದ ಮನಿ ನಮ್ಮ ಕಡೆ ಇಲ್ಲ. ಆದರೆ ಕೋಟೆ ಬಿದ್ದ ಮೇಲೂ ಎದೆಗುಂದದೆ ಮತ್ತೆ ಖಡ್ಗ ಹಿಡಿದ ಅವಳ ಬಂಟ ರಾಯಣ್ಣನ ಕಥೆ ನಮ್ಮಂಥ ಒಕ್ಕಲು ಮಂದಿಗೆ ಇನ್ನೂ ಹತ್ತಿರದ್ದು. ಯಾಕಂದ್ರ ಅವನ ಎರಡನೇ ಹೋರಾಟ ಹುಟ್ಟಿದ್ದೇ ಹೊಲದ ಚಿಂತೆಯಿಂದ.

ರಾಯಣ್ಣ ಬೆಳಗಾವಿ ಜಿಲ್ಲೆಯ ಸಂಗೊಳ್ಳಿಯವನು. ಕುರುಬರ ಮನೆತನದ ಕುಡಿ. ಊರ ಕಾವಲಿನ ಚಾಕರಿ ಮಾಡಿ, ಅದರ ಸಲುವಾಗಿ ಬಂದ ಇನಾಮು ಭೂಮಿಯಲ್ಲಿ ಬಾಳುವ ಶೇತಸನದಿಗಳ ವಂಶ ಅವನದು.

1824ರ ಸೆಪ್ಟೆಂಬರಿನಲ್ಲಿ ಕಿತ್ತೂರ ದೊರೆ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡನು. ದತ್ತಕ ತಗೊಂಡ ಶಿವಲಿಂಗಪ್ಪನನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಅಕ್ಟೋಬರ್ 23ರಂದು ಕೋಟೆಯ ಮುಂದೆ ನಡೆದ ಕಾಳಗದಲ್ಲಿ ಥ್ಯಾಕರೆಯೇ ಸತ್ತ. ಇಬ್ಬರು ಆಂಗ್ಲ ಅಧಿಕಾರಿಗಳು ಸೆರೆಸಿಕ್ಕರು. ಅದೇ ವರ್ಷ ನಮ್ಮ ಸಿಂದಗಿಯಲ್ಲೂ ದಿವಾಕರ ದೀಕ್ಷಿತರು ಮತ್ತು ಸಂಗಡಿಗರು ಕಂಪನಿ ವಿರುದ್ಧ ಬಂಡೆದ್ದು ತಮ್ಮದೇ ಆಡಳಿತ ಸಾರಿದ್ದನ್ನು ಇಲ್ಲಿ ನೆನೆಯಬೇಕು.

ಮುಂದೆ ಕಂಪನಿ ಸರಕಾರ ದೊಡ್ಡ ಸೈನ್ಯ ತಂದು ಕಿತ್ತೂರಿಗೆ ಮುತ್ತಿಗೆ ಹಾಕಿತು. ತೋಫುಗಳ ಹೊಡೆತಕ್ಕೆ ಗೋಡೆ ಬಿರಿದವು. ಸೋಲಾಪುರದ ಸಬ್ ಕಲೆಕ್ಟರ್ ಮನ್ರೋ ಆ ಕದನದಲ್ಲಿ ಮಡಿದನು. ಕೋಟೆಯೊಳಗಿನವರೇ ಮದ್ದು ಕೆಡಿಸಿದರೆಂದು ಜನಪದರು ಹಾಡುತ್ತಾರೆ. ಡಿಸೆಂಬರ್ 5ಕ್ಕೆ ಕೋಟೆ ಬಿತ್ತು. ರಾಣಿಯನ್ನು ಬೈಲಹೊಂಗಲದಲ್ಲಿ ಸೆರೆಯಿಟ್ಟರು. 1829ರ ಫೆಬ್ರುವರಿ 2ರಂದು ಅಲ್ಲಿಯೇ ಕಣ್ಣು ಮುಚ್ಚಿದಳು.

ಸೆರೆಸಿಕ್ಕ ರಾಯಣ್ಣನಿಗೆ ಮಾಫಿ ದೊರೆತು, ಊರಿಗೆ ಬಂದನು. ಬಂದರೆ ಏನು? ಇನಾಮಿನ ಹೊಲದಲ್ಲಿ ಒಂದಷ್ಟನ್ನು ಸರಕಾರ ಕಸಗೊಂಡಿತ್ತು. ಉಳಿದದ್ದಕ್ಕೆ ಹೊರಲಾರದ ಪಟ್ಟಿ ಹೇರಿತ್ತು. ಇದು ಅವನೊಬ್ಬನ ಸಂಕಟವಲ್ಲ, ಅವನಂಥ ನೂರಾರು ಮನೆಗಳ ಸಂಕಟ. ಹಿಂಗಾಗಿ 1830ರ ಜನವರಿಯಲ್ಲಿ ಅವನು ಕರೆದಾಗ ಮಂದಿ ಕೂಡಿದರು. ಸರಕಾರಿ ಸಿಪಾಯಿಗಳ ಮುಂದೆ ಬಯಲಿನಲ್ಲಿ ನಿಲ್ಲುವಷ್ಟು ಬಲ ಇರಲಿಲ್ಲ. ಆದ್ದರಿಂದ ಕಾಡಿನಲ್ಲಿ ಅಡಗಿ, ರಾತ್ರಿ ಬಂದು ಹೊಡೆಯುವ ಗೆರಿಲ್ಲಾ ದಾರಿ ಹಿಡಿದರು. ಬೀಡಿಯ ಕಚೇರಿಗೆ ಬೆಂಕಿ ಬಿತ್ತು. ನಂದಗಡ, ಸಂಪಗಾವಿಗಳ ಮೇಲೆ ದಾಳಿಯಾಯಿತು. ಕಂದಾಯದ ಕಾಗದಪತ್ರ ಸುಟ್ಟರು. ಸಾಹುಕಾರರಿಂದ, ಖಜಾನೆಯಿಂದ ದೋಚಿದ ರೊಕ್ಕದಲ್ಲಿ ದಂಡು ನಡೆಯಿತು. ಬಾಲಕ ಶಿವಲಿಂಗಪ್ಪನನ್ನು ಗಾದಿಗೆ ಕೂಡಿಸಿ ಕಿತ್ತೂರು ಕಟ್ಟಬೇಕೆಂಬುದು ಅವರ ಹಂಬಲ.

ಸೈನ್ಯಕ್ಕೆ ಸಿಗದವನು ನಮ್ಮವರ ಕುತಂತ್ರಕ್ಕೆ ಸಿಕ್ಕನು. ನಂಬಿಕಸ್ಥರಂತೆ ದಂಡು ಸೇರಿದವರೇ ಏಪ್ರಿಲ್ ತಿಂಗಳಲ್ಲಿ, ಹಳ್ಳದಲ್ಲಿ ಜಳಕಕ್ಕೆ ಇಳಿದಾಗ ಅವನನ್ನು ಹಿಡಿದುಕೊಟ್ಟರೆಂದು ಲಾವಣಿಗಳು ಹೇಳುತ್ತವೆ. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಮುಂದೆ 1950ರಲ್ಲಿ ಭಾರತ ಗಣರಾಜ್ಯವಾದದ್ದೂ ಅದೇ ಜನವರಿ 26ರಂದು.

ನಂದಗಡದ ಸಮಾಧಿಯ ಬಳಿಯ ಆಲದ ಮರಕ್ಕೆ ಮಕ್ಕಳ ಫಲ ಬೇಡಿ ಹೆಣ್ಣುಮಕ್ಕಳು ಇಂದಿಗೂ ತೊಟ್ಟಿಲು ಕಟ್ಟುತ್ತಾರೆ. ಬೆಂಗಳೂರಿನ ದೊಡ್ಡ ರೈಲು ನಿಲ್ದಾಣಕ್ಕೂ ಅವನ ಹೆಸರೇ ಇದೆ.

ಬಾಂಧವರೇ, ಒಬ್ಬನ ಹೊಲ ಹೋದರೆ ಅದು ಊರಿಗೆಲ್ಲಾ ತಟ್ಟುವ ನಷ್ಟವೆಂದು ತಿಳಿದ ಮಂದಿ ರಾಯಣ್ಣನ ಬೆನ್ನಿಗೆ ನಿಂತರು. ಆ ಒಗ್ಗಟ್ಟು ಮುರಿದಾಗ ಅವನು ಸೋತನು. ನಾಲ್ಕು ಮಂದಿ ಕೂಡಿ ಕಟ್ಟಿದ ನಮ್ಮ ಸಂಘವೂ ನಿಂತಿರುವುದು ಒಬ್ಬರ ಮೇಲೊಬ್ಬರು ಇಟ್ಟ ಇದೇ ನಂಬಿಕೆಯ ಮೇಲೆ. ಅದನ್ನು ಕಾಯುವುದೇ ಆ ವೀರನಿಗೆ ನಾವು ಸಲ್ಲಿಸುವ ನಿಜವಾದ ಗೌರವ.